ಫೋನಿಗೂ ಆಯುಧಪೂಜೆ

ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ, ಕಂಪ್ಯೂಟರಿಗೆ ಬರುವ ಇಮೇಲ್ ಮಾಲೀಕರ ಹೊಸ ಫೋನಿಗೂ ಬರುವಂತೆ ಜೋಡಿಸಿಕೊಟ್ಟಿದ್ದೆ. ವಿಜಯದಶಮಿ ಕಳೆದು ಅಂಗಡಿ ತೆರೆದ ದಿನವೇ ಮಾಲೀಕ ಶೆಟ್ಟರು ಕರೆದರು. "ಬೇಗ ಬನ್ನಿ ಸಾರ್, ಕಂಪ್ಯೂಟರಲ್ಲಿ ಒಂದು ಇಮೇಲೂ ಇಲ್ಲ!"

ಹೋದಾಗ ಹೆಣ್ಣಿನ ತಂದೆಯೊಬ್ಬರು ಗಲ್ಲಾದ ಮುಂದೆ ಚಡಪಡಿಸುತ್ತಿದ್ದರು. ಬೀಗರು ಒಪ್ಪಿ ನೇರ ಅಂಗಡಿಗೇ ಕಳಿಸಿದ್ದ ಒಕ್ಕಣೆ ಆ ಇಮೇಲಿನಲ್ಲಿತ್ತು. ಅಂದೇ ಅಚ್ಚಿಗೆ ಹೋಗಬೇಕಿತ್ತು.

"ಮತ್ತೆ ಬೀಗರನ್ನ ಕೇಳಿದ್ರೆ ಇನ್ನೂ ನಾಲ್ಕು ಚಿಕ್ಕಪ್ಪಂದಿರ ಹೆಸರು ಸೇರಿಸ್ತಾರೆ ಸ್ವಾಮಿ," ಎಂದರು.

"ಫೋನಲ್ಲಿ ಏನಾದ್ರೂ ಅಳಿಸಿದ್ರಾ?" ಎಂದು ಶೆಟ್ಟರನ್ನು ಕೇಳಿದೆ.

"ಪೂಜೆಗೆ ಮುಂಚೆ ಮೆಷಿನ್ನೆಲ್ಲ ಒರೆಸಿದ್ವಿ. ಫೋನನ್ನ ಮಾತ್ರ ಬಿಡೋಕಾಗುತ್ತಾ? ಒಳಗಿದ್ದ ಇಮೇಲೆಲ್ಲ ತೆಗೆದು ಶುದ್ಧ ಮಾಡ್ದೆ. ಕಂಪ್ಯೂಟರ್ ಒಳಗಿದ್ದದ್ದು ಮುಟ್ಟೇ ಇಲ್ಲ!"

ಎರಡೂ ಒಂದೇ ಕೋಣೆಯ ಎರಡು ಬಾಗಿಲು, ಇಲ್ಲಿ ತೆಗೆದದ್ದು ಅಲ್ಲೂ ಇರುವುದಿಲ್ಲ ಎಂದು ತಿಳಿಸಿ, ಅಳಿಸಿದ ಇಮೇಲ್‌ಗಳು ಸೇರುವ ಕಸದ ಬುಟ್ಟಿಯನ್ನು ತೆರೆದೆ. ಪುಣ್ಯಕ್ಕೆ ಎಲ್ಲವೂ ಅಲ್ಲೇ ಇದ್ದವು. ಹೆಣ್ಣಿನ ತಂದೆ ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡರು.

ಶೆಟ್ಟರು ಮಾತ್ರ ಯೋಚಿಸುತ್ತಿದ್ದರು. "ಹಾಗಾದ್ರೆ ಸಾರ್, ಫೋನಿಗೆ ಕುಂಕುಮ ಇಟ್ರೆ ಕಂಪ್ಯೂಟರಿಗೂ ಇಟ್ಟ ಹಾಗೇನಾ?"

ಆ ಸೌಕರ್ಯ ಇನ್ನೂ ಬಂದಿಲ್ಲ, ಬೇರೆಬೇರೆಯೇ ಇಡಬೇಕು ಎಂದೆ. ನನ್ನ ವೃತ್ತಿಯಲ್ಲಿ ಅಷ್ಟು ಖಚಿತವಾಗಿ ಉತ್ತರಿಸಿದ ಪ್ರಶ್ನೆಗಳು ಕಡಿಮೆ.