ಹಿರೇವಡ್ಡಟ್ಟಿಯ ಕಾವೇರಿ

ಈ ಬೆಳಿಗ್ಗೆ ಅಡುಗೆಮನೆಯಿಂದ ಹುಣಸೆಹಣ್ಣಿನ ವಾಸನೆ ಬಂತು. ಸಾರಿನದಲ್ಲ, ಹಿತ್ತಾಳೆಗೆ ತಿಕ್ಕಿದ ಹುಣಸೆಯದು. ಆ ಎರಡು ವಾಸನೆಗಳೂ ಬೇರೆ ಎಂಬುದು ಪಾತ್ರೆ ತಿಕ್ಕಿದವರಿಗೆ ಗೊತ್ತು. ಹೋಗಿ ನೋಡಿದರೆ ಮೊಮ್ಮಗಳು ನನ್ನ ಅವ್ವನ ಹಳೆಯ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ತಿಕ್ಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನಗತೊಡಗಿದೆ.

"ಯಾಕ ಅಜ್ಜಾ?"

"ಹಿಂಗ ತಿಕ್ಕಿದ್ದಕ್ಕ ಒಮ್ಮೆ ಒಂದು ಹೊಳೀನ ಕಳಕೊಂಡಿದ್ವಿ."

ಅವಳು ಮತ್ತೆ ಕೇಳಲಿಲ್ಲ. ನನ್ನ ವಯಸ್ಸಿನವರಿಗೆ ಈ ರಿಯಾಯಿತಿ ಸಿಗುತ್ತದೆ. ಆದ್ದರಿಂದ ನಿಮಗೆ ಹೇಳುತ್ತೇನೆ. ಆದರೆ ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ನೆನಪನ್ನು ಅಷ್ಟಾಗಿ ನಂಬುವವನಲ್ಲ. ಅದಕ್ಕೇ ಚಿಕ್ಕಂದಿನಿಂದ ದಿನಚರಿ ಬರೆದಿಟ್ಟಿದ್ದೇನೆ. ಆ ದಿನಚರಿಯೂ ಎಂಥದ್ದು ಎಂಬುದನ್ನು ಮುಂದೆ ನೀವೇ ನೋಡುವಿರಿ.

ರಾಜ್ಯ ಒಂದಾದ ಮೊದಲ ಚಳಿಗಾಲ. ನಾವು ಮೂವರು ಗೆಳೆಯರು ಗದಗಿನಿಂದ ಸೈಕಲ್ ಹತ್ತಿ ಮೈಸೂರಿನವರೆಗೆ ಹೋಗಿದ್ದೆವು. ಹೊಸದಾಗಿ ನಮ್ಮದಾದ ನಾಡನ್ನು ಕಣ್ಣಾರೆ ನೋಡಿ ಬರಬೇಕೆಂಬುದು ನಾವು ಮನೆಗಳಲ್ಲಿ ಹೇಳಿದ ಕಾರಣ. ಕಾಲೇಜು ತಪ್ಪಿಸಬೇಕೆಂಬುದು ಇನ್ನೊಂದು. ಅಂತೂರ ಬೆಂತೂರಿನ ಬಸಣ್ಣ ಒಕ್ಕಲುತನದ ಮನೆಯವನು. ನಗಲು ಅವನಿಗೆ ಕಾರಣ ಬೇಕಿರಲಿಲ್ಲ. ಕಲ್ಲಪ್ಪ ಬೆಟಗೇರಿಯ ನೇಕಾರರ ಮಗ. ಅವನ ಅಪ್ಪ ಸೀರೆಯ ನೂಲಿಗೆ ತಾವೇ ಬಣ್ಣ ಹಾಕುತ್ತಿದ್ದರು, ಮಗ ಓದು ಬಿಟ್ಟು ಮಗ್ಗಕ್ಕೆ ಕೂಡಬೇಕೆಂದು ಹಟ ಹಿಡಿದಿದ್ದರು.

ನಾವು ಹೊರಡುವ ದಿನ ಅವರು ಸೈಕಲ್‌ಗಳನ್ನು ಮೇಲಿನಿಂದ ಕೆಳಗೆ ನೋಡಿ, "ಮೈಸೂರು ಅಂತ ಹೇಳ್ತೀರಿ. ದಾವಣಗೆರಿ ಮಟ ಹೋಗಿ, ಹೊಟೇಲದಾಗ ಕುಂತು, ತಿರುಗಿ ಬರೂ ಮಂದಿ ನೀವು" ಎಂದರು. ಆಮೇಲೆ ಮಗನಿಗೆ ಕರಾರು ಹಾಕಿದರು. "ಒಂದು ತಂಬಿಗಿ ಕಾವೇರಿ ನೀರು ತಾ. ಬಣ್ಣದಾಗ ಹಾಕ್ತೀನಿ. ತಂದ್ರ ನೀ ಹೇಳಿದ ಮಾತು ಖರೆ ಅಂತ ತಿಳೀತೀನಿ, ಓದು. ಇಲ್ಲಂದ್ರ ಮಗ್ಗ ಐತಿ."

ತಂಬಿಗೆ ನಮ್ಮ ಅವ್ವನದು, ಅದನ್ನು ಕಾಯುವ ಹೊಣೆಯೂ ನನ್ನದು. ಶ್ರೀರಂಗಪಟ್ಟಣದಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಬಂದೆ. ಅಷ್ಟು ಜತನದಿಂದ ನಾನು ಮುಂದೆ ನನ್ನ ಮಕ್ಕಳನ್ನೂ ಎತ್ತಿಕೊಳ್ಳಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಚೆಲ್ಲಿ ಚೆಲ್ಲಿ ಮುಕ್ಕಾಲಿಗೆ ಬಂದು ನಿಂತಿತ್ತು.

ನಾನು ಹೇಳಬೇಕೆಂದಿರುವುದು ಕೊನೆಯ ಹಿಂದಿನ ದಿನದ ಸಂಗತಿ. ಅದರ ಹಿಂದಿನ ಸಂಜೆ ಹರಗೋಲಿನಲ್ಲಿ ತುಂಗಭದ್ರೆ ದಾಟಿ ಮುಂಡರಗಿಯಲ್ಲಿ ತಂಗಿದ್ದೆವು. ಬೆಳಗಾಗುತ್ತಲೇ ಹೊರಟರೆ ಮೂಡಗಾಳಿ ಬೆನ್ನಿಗೆ ಬಂತು. ಅಂಥ ಗಾಳಿಯನ್ನು ನಾನು ಮತ್ತೆ ಕಂಡಿಲ್ಲ. ಪೆಡಲ್ ತುಳಿಯುವುದು ಬರೀ ಮರ್ಯಾದೆಗೆ. ಎರೆಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು, ಅಂಚಿನಲ್ಲಿ ಕುಸುಬೆ ಹಳದಿಯಾಗಿತ್ತು, ಎದುರಿಗೆ ಕಪ್ಪತಗುಡ್ಡ ತಾನೇ ನಮ್ಮ ಕಡೆ ನಡೆದು ಬರುತ್ತಿತ್ತು.

ನಾವು ಚಿಕ್ಕವರಿದ್ದಾಗ ಈ ದಾರಿಯಲ್ಲೇ ಮೂರು ಆಳ್ವಿಕೆ ದಾಟಬೇಕಿತ್ತು. ಮುಂಡರಗಿ ಬ್ರಿಟಿಷರದು, ಶಿರಹಟ್ಟಿ ಒಬ್ಬ ಸಂಸ್ಥಾನಿಕರದು, ಲಕ್ಷ್ಮೇಶ್ವರ ಇನ್ನೊಬ್ಬರದು. ಗಡಿ ದಾಟಿದಲ್ಲೆಲ್ಲ ಗಂಟೆ ಹೊಡೆಯೋಣ ಎಂದು ಬಸಣ್ಣ ಆಟ ಹೂಡಿದ. ಗಡಿ ಎಲ್ಲಿತ್ತೋ ಮೂವರಿಗೂ ಗೊತ್ತಿರಲಿಲ್ಲ. ಹೀಗಾಗಿ ಕಂಡ ಕಂಡ ಕಲ್ಲಿಗೆಲ್ಲ ಗಂಟೆ ಹೊಡೆದೆವು. ಹೊಲದಲ್ಲಿದ್ದ ಒಬ್ಬ ಮುದುಕ ಬದುವಿನ ಕಲ್ಲು ತೋರಿಸಿ, "ಇದಕ್ಯಾಕ ಬಾರಸ್ತೀರೋ ತಮ್ಮಾ, ಇದು ನಾನೂ ನಮ್ಮಣ್ಣನೂ ಪಾಲು ಮಾಡ್ಕೊಂಡಿದ್ದು" ಎಂದ. ಬಸಣ್ಣ ಅದಕ್ಕೂ ಎರಡು ಸಲ ಬಾರಿಸಿದ. ನಕ್ಕು ನಕ್ಕು ಕಲ್ಲಪ್ಪ ಸೈಕಲ್ ಸಮೇತ ಕುಸುಬೆಯಲ್ಲಿ ಬಿದ್ದ. ಕುಸುಬೆಗೆ ಮುಳ್ಳಿರುತ್ತದೆ. ಅವನು ಎದ್ದು ನಿಂತೂ ನಗುತ್ತಲೇ ಇದ್ದ.

ಹಿರೇವಡ್ಡಟ್ಟಿಯಲ್ಲಿ ಬಸಣ್ಣನ ಚಿಗವ್ವನ ಮನೆ. ನೀರು ಕುಡಿದು ಹೋಗುತ್ತೇವೆ ಎಂದು ಒಳಗೆ ಕಾಲಿಟ್ಟವರು ಸಜ್ಜೆ ರೊಟ್ಟಿ, ಬದನೆಕಾಯಿ, ಗಟ್ಟಿ ಮೊಸರು ಉಂಡು, ಕಟ್ಟೆಯ ಮೇಲೆ ಅಡ್ಡಾದೆವು. ಎದ್ದಾಗ ತಂಬಿಗೆ ಕಟ್ಟಿದಲ್ಲೇ ಇತ್ತು. ಹೊರಡುವಾಗ ಚಿಗವ್ವ ಬಾಗಿಲಿನಿಂದ ಕೂಗಿ ಹೇಳಿದರು: "ದಾರ್ಯಾಗ ಬಾಯಾರಿದ್ರ ತಂಬಿಗ್ಯಾನ ನೀರು ಕುಡೀರಿ, ತಂಪೈತಿ."

ನಾವು ಮೂವರೂ ಹೂಂ ಎಂದೆವು. ಹೊಟ್ಟೆ ತುಂಬಿದಾಗ ಕಿವಿ ಕೆಲಸ ಮಾಡುವುದಿಲ್ಲ.

ಗುಡ್ಡದ ಬುಡದಲ್ಲಿ ಒಂದು ಇಳಿಜಾರು. ಮೂವರೂ ಹ್ಯಾಂಡಲ್ ಬಿಟ್ಟು, ಕೈ ಚಾಚಿ, ಬಾಯಿಗೆ ಬಂದದ್ದು ಒದರುತ್ತ ಇಳಿದೆವು. ಅರ್ಧ ದಾರಿಯಲ್ಲಿ ನನ್ನ ತೊಡೆ ಒದ್ದೆಯಾಯಿತು. ಮುಕ್ಕಾಲಿದ್ದ ತಂಬಿಗೆ ತುಂಬಿ ತುಳುಕುತ್ತಿತ್ತು. ಅದೂ ಅಲ್ಲದೆ ಬಿಸಿಲಿಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಅದು ಕಪ್ಪಗಿತ್ತು. ಮೂಗಿಗೆ ಹುಣಸೆಯ ವಾಸನೆ ಹೊಡೆಯಿತು.

ಸೈಕಲ್ ನಿಲ್ಲಿಸಿದೆವು. ಬಸಣ್ಣ ಬೆರಳು ಅದ್ದಿ ನೆಕ್ಕಿದ.

"ಸವಳು, ಉಪ್ಪುಪ್ಪು," ಎಂದ. "ನಮ್ಮ ಚಿಗವ್ವನ ಬಾವಿ."

ಹಳೆಯ ನೀರನ್ನು ಪಾತ್ರೆಯಲ್ಲಿ ಬಿಟ್ಟು ಅತಿಥಿಯನ್ನು ಕಳಿಸುವುದು ನಮ್ಮ ಕಡೆಯ ಹೆಂಗಸರಿಂದ ಆಗದ ಕೆಲಸ. ಚೆಲ್ಲುತ್ತಾರೆ, ತಿಕ್ಕುತ್ತಾರೆ, ಹೊಸ ನೀರು ತುಂಬುತ್ತಾರೆ. ನಾವು ಆ ನೀರಿನ ವಿಷಯ ಅವರಿಗೆ ಹೇಳಿರಲಿಲ್ಲ, ರೊಟ್ಟಿಯ ಮುಂದೆ ಮರೆತಿದ್ದೆವು.

"ಹಂಗಾರ ಕಾವೇರಿ?" ಎಂದ ಕಲ್ಲಪ್ಪ.

"ಚಿಗವ್ವನ ಹಿತ್ತಲದಾಗ ಹೀರಿಬಳ್ಳಿ ಐತಿ ನೋಡು," ಎಂದ ಬಸಣ್ಣ, "ಅದರ ಬುಡಕ್ಕ."

ಕಲ್ಲಪ್ಪನ ಓದು ಹೀರೆಬಳ್ಳಿಯ ಬುಡಕ್ಕೆ ಹೋಗಿತ್ತು. ಅವನ ಮುಖ ಸಪ್ಪಗಾಯಿತು. ಆಮೇಲೆ ಮೊದಲು ನಕ್ಕವನೂ ಅವನೇ. ಆ ದಿನದ ಗಾಳಿಯಲ್ಲಿ ಅಳಲು ಬರುತ್ತಿರಲಿಲ್ಲ. ದಾರಿಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕೆವು.

"ತುಂಗಭದ್ರಾಕ್ಕ ತಿರುಗಿ ಹೋಗೂಣೇನ್ಲೇ?" ಎಂದ ಬಸಣ್ಣ. "ಹೊಳಿ ನೀರು ಸಿಹಿ ಇರ್ತೈತಿ. ಯಾರಿಗೆ ತಿಳೀತೈತಿ?"

ಮೂವರೂ ಹಿಂದೆ ತಿರುಗಿ ನೋಡಿದೆವು. ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಮೂವರೂ ಮತ್ತೆ ಮುಂದೆ ತಿರುಗಿದೆವು. ಆ ಮಾತು ಅಲ್ಲಿಗೆ ಮುಗಿಯಿತು.

ಇದೇ ನೀರನ್ನು ಕಾವೇರಿ ಎಂದು ಕೊಡೋಣ ಎಂದವರು ಯಾರು? ಕಲ್ಲಪ್ಪ ಎಂದೇ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿ ಹೇಳಿ ನಂಬಿಯೂ ಇದ್ದೆ. ಇವತ್ತು ದಿನಚರಿ ತೆಗೆದು ನೋಡಿದೆ. ಆ ಸಂಜೆ ಲಕ್ಷ್ಮೇಶ್ವರದಲ್ಲಿ ಕುಳಿತು ಬರೆದ ಸಾಲು, ನನ್ನದೇ ದುಂಡು ಅಕ್ಷರ: 'ಕಾವೇರಿ ನೀರು ಭದ್ರವಾಗಿದೆ.' ಅವನ ಅಪ್ಪ ಅನುಮಾನಪಟ್ಟರೆ ತೋರಿಸಲು ಸಾಕ್ಷಿ ಇರಲೆಂದು ಬರೆದದ್ದು. ಅಷ್ಟು ಮುಂದಾಲೋಚನೆ ಕಲ್ಲಪ್ಪನದಲ್ಲ. ಅದು ಇತಿಹಾಸ ಓದಿದವನ ಕೆಲಸ.

ಮರುದಿನ ಮಧ್ಯಾಹ್ನ ಬೆಟಗೇರಿ. ಕಲ್ಲಪ್ಪನ ಅಪ್ಪ ಬಣ್ಣದ ಹಂಡೆಯ ಪಕ್ಕದಿಂದ ಎದ್ದು ಬಂದರು. ಮೊಣಕೈವರೆಗೆ ಕೆಂಪು. ಕಲ್ಲಪ್ಪ ತಂಬಿಗೆ ಕೊಟ್ಟ. ಅವರು ಬಟ್ಟೆ ಬಿಚ್ಚಿ, ಅಂಗೈಗೆ ಸ್ವಲ್ಪ ಸುರಿದುಕೊಂಡು, ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿದರು. ಜೀವಮಾನವೆಲ್ಲ ಬಣ್ಣಕ್ಕೆ ನೀರು ಹುಡುಕಿದ ನಾಲಿಗೆ. ಅದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

"ಯಾವೂರ ಬಾವಿ?" ಎಂದರು.

ನಾನು ಚೀಲದಲ್ಲಿದ್ದ ದಿನಚರಿಗೆ ಕೈಹಾಕಿದೆ. ಅಷ್ಟರಲ್ಲಿ ಕಲ್ಲಪ್ಪನಿಗೆ ನಗು ತಡೆಯದಾಯಿತು. ನಗುತ್ತ, ಬಿಕ್ಕುತ್ತ, ಚಿಗವ್ವ, ಹುಣಸೆಹಣ್ಣು, ಹೀರೆಬಳ್ಳಿ ಎಲ್ಲ ಹೇಳಿಬಿಟ್ಟ. ಗಾಳಿಯ ಸಂಗತಿ ಮಾತ್ರ ಬಿಟ್ಟ. ನಾವೂ ನೆನಪಿಸಲಿಲ್ಲ.

ಅವರು ತಂಬಿಗೆಯನ್ನು ಎತ್ತಿ ಹಿಡಿದು ಹೇಳಿದರು: "ನಿನ್ನೆ ಮೊನ್ನೆ ತುಂಗಭದ್ರಾ ದಾಟೇ ಬಂದೀರಿ. ಮೋಸ ಮಾಡವ್ರಾಗಿದ್ರ ತಿರುಗಿ ಹೋಗಿ ಆ ಸಿಹಿ ನೀರು ತುಂಬ್ಕೊಂಡು ಬರ್ತಿದ್ರಿ. ಸವಳು ನೀರು ಹೊತ್ಕೊಂಡು ಬಂದೀರಿ ಅಂದ್ರ, ಹುಚ್ಚರಿದ್ದೀರಿ, ಕಳ್ಳರಲ್ಲ." ನೀರನ್ನು ಹಂಡೆಗೆ ಸುರಿದು ಮಗನ ಕಡೆ ತಿರುಗಿದರು. "ಆತು. ಕಾಲೇಜಿಗೆ ನಡಿ."

ಕಲ್ಲಪ್ಪ ಓದು ಮುಗಿಸಿದ, ಮೇಷ್ಟ್ರಾದ. ಅವನಪ್ಪ ಕೊನೆಯವರೆಗೂ ನನ್ನನ್ನು ಕಂಡಾಗಲೆಲ್ಲ ಪಕ್ಕದವರಿಗೆ, "ಸುಳ್ಳು ಬರಂಗಿಲ್ಲ ನೋಡ್ರಿ ಈ ಹುಡುಗಗ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿದರೆ ಅದನ್ನೂ ವಿನಯ ಎಂದು ತಿಳಿಯುತ್ತಿದ್ದರು.

ಮೊಮ್ಮಗಳು ತಂಬಿಗೆ ತೊಳೆದು, ನಲ್ಲಿಯಲ್ಲಿ ತುಂಬಿಸಿ ತಂದು ನನ್ನ ಮೇಜಿನ ಮೇಲಿಟ್ಟಳು. "ಕುಡಿ ಅಜ್ಜಾ, ಇವತ್ತ ನೀರು ಬಿಟ್ಟಾರ." ಎತ್ತಿ ಕುಡಿದೆ. ಸಿಹಿಯಾಗಿತ್ತು. ನಮ್ಮ ಊರಿನ ನಲ್ಲಿಗೆ ಈಗ ಬರುವುದು ತುಂಗಭದ್ರೆಯ ನೀರು. ನಾವು ತಿರುಗಿ ಹೋಗಿ ತರದ ಹೊಳೆ, ಇಷ್ಟು ವರ್ಷಗಳ ಮೇಲೆ, ಅದೇ ತಂಬಿಗೆಯಲ್ಲಿ ತಾನೇ ಬಂದು ಕುಳಿತಿತ್ತು.

ನಗು ಬಂತು. ಪೆನ್ನು ತೆಗೆದು ದಿನಚರಿಯ ಆ ಸಾಲಿನ ಕೆಳಗೆ, ಈಗಿನ ನಡುಗುವ ಅಕ್ಷರದಲ್ಲಿ ಬರೆದೆ: 'ಇದು ಸುಳ್ಳು. ಹೇಳಿಕೊಟ್ಟವನು ನಾನೇ. ತುಂಗಭದ್ರೆಗೆ ಹೋಗದಿದ್ದುದು ಪ್ರಾಮಾಣಿಕತೆಯಿಂದಲ್ಲ. ಗಾಳಿ ಎದುರಿಗಿತ್ತು.'