ಸಾಕ್ಷಿಗೊಂದು ತಿದ್ದುಪಡಿ

ಮನೆ ಬದಲಿಸಲು ಕಪಾಟು ಖಾಲಿ ಮಾಡುತ್ತಿದ್ದಾಗ ಹಳೆಯ ನೋಟ್‌ಬುಕ್‌ಗಳ ನಡುವೆ ಬಟ್ಟೆಯ ಹೊದಿಕೆಯೊಂದು ಸಿಕ್ಕಿತು. ನೀಲಿ ಗೆರೆಯ ಶರ್ಟ್ ಬಟ್ಟೆ, ಸುತ್ತ ಜಿಪ್, ಒಳಗೆ ಪೆನ್ನಿಗೊಂದು ಕಿರುಜೇಬು. ಮೂಗಿನ ಹತ್ತಿರ ಹಿಡಿದರೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಇತ್ತು... ಅಥವಾ ಇದೆ ಎಂದು ನನಗೆ ಅನ್ನಿಸಿತು.

ಅದನ್ನು ಹೊಲಿದುಕೊಟ್ಟವರು ಚಂದಾಪುರದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಕ್ಕ. ಒಂದೇ ಸಾಲಿನ ಬಾಡಿಗೆ ಮನೆಗಳು, ನಡುವೆ ಒಂದು ಗೋಡೆ. ನಾನು ಪತ್ರಿಕೆಯ ವರದಿಗಾರ, ಅವರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ತುಂಡು ಬಟ್ಟೆ ಕೊಂಡು ತಂದು ತಾವು ಹೋಗುತ್ತಿದ್ದ ಕ್ರೈಸ್ತ ಸಭೆಯವರ ಬೈಬಲ್‌ಗಳಿಗೆಲ್ಲ ಹೊದಿಕೆ ಹೊಲಿಯುತ್ತಿದ್ದರು. ನನ್ನ ಬಳಿ ಬೈಬಲ್ ಇಲ್ಲವೆಂದು ನೋಟ್‌ಬುಕ್ಕಿನ ಅಳತೆ ತೆಗೆದುಕೊಂಡರು.

ಸಭೆ ಸೇರುತ್ತಿದ್ದದ್ದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಶೀಟು ಹೊದಿಸಿದ ಹಾಲ್‌ನಲ್ಲಿ. ಭಾನುವಾರ ಹಾಡುಗಳಾದ ಮೇಲೆ, ಪಾಸ್ಟರ್ ಪ್ರಸಂಗ ಶುರುಮಾಡುವ ಮೊದಲು, ಒಬ್ಬೊಬ್ಬರೇ ಎದ್ದು ದೇವರು ತಮಗೆ ಮಾಡಿದ್ದನ್ನು ಹೇಳುತ್ತಿದ್ದರು. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಅಕ್ಕನ ಸಾಕ್ಷಿ ಎಂದರೆ ಅವರ ಗಂಡ. ಇಪ್ಪತ್ತು ವರ್ಷ ಕುಡಿದ ಆ ಮನುಷ್ಯ ಒಂದು ಭಾನುವಾರ ಮೊಣಕಾಲೂರಿ ಅತ್ತು, ಕಟ್ಟಡದ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ದೀಕ್ಷಾಸ್ನಾನ ಪಡೆದಿದ್ದರು. ಮುಳುಗಿ ಎದ್ದವನಲ್ಲಿ ಹಳೆಯ ಮನುಷ್ಯ ಸಾಯುತ್ತಾನೆ, ಹೊಸಬ ಏಳುತ್ತಾನೆ, ಪಾಪ ಕಳೆದು ಪರಲೋಕ ಸೇರುತ್ತಾನೆ, ಅದೇ ರಕ್ಷಣೆ ಎಂಬುದು ಅಲ್ಲಿನ ಬೋಧನೆ. ಒದ್ದೆ ತಲೆಯಲ್ಲೇ ಮನೆಗೆ ಬಂದವರು ನನ್ನನ್ನು ಕರೆದರು. "ಸಾರ್, ಹಳೇಬ ಸತ್ತೋದ. ಪೇಪರ್‌ನಾಗೆ ಹಾಕ್ಬಿಡಿ. ಫೋಟೊ ಬ್ಯಾಡ."

ನಾಲ್ಕು ತಿಂಗಳು ಕುಡಿಯಲಿಲ್ಲ. ಆಮೇಲೆ ಗೋಡೆಯಾಚೆ ಪಾತ್ರೆ ಬೀಳುವ ಸದ್ದು ಮತ್ತೆ ಕೇಳತೊಡಗಿತು. ಭಾನುವಾರದ ಸಾಕ್ಷಿ ಮಾತ್ರ ಬದಲಾಗಲಿಲ್ಲ. ವಿಶ್ವಾಸದಿಂದ ಹೇಳುತ್ತಲೇ ಇರಿ, ಹೇಳಿದಂತೆ ಆಗುತ್ತದೆ, ಸಾಕ್ಷಿ ಹಿಂತೆಗೆದುಕೊಂಡರೆ ಸೈತಾನನಿಗೆ ಬಾಗಿಲು ತೆರೆದಂತೆ ಎಂದು ಪಾಸ್ಟರ್ ಅವರಿಗೆ ಹೇಳಿದ್ದರು. ಪಾಸ್ಟರ್ ಕೆಟ್ಟವರಲ್ಲ. ತಾವು ಹೇಳಿದ್ದನ್ನು ತಾವೂ ನಂಬಿದ್ದರು.

ಅದನ್ನು ನಂಬಿದವಳು ಇನ್ನೊಬ್ಬಳಿದ್ದಳು. ಅಕ್ಕನ ಪಕ್ಕದ ಮೆಷಿನ್‌ನಲ್ಲಿ ಕೂರುತ್ತಿದ್ದ, ಅದೇ ಸಭೆಗೆ ಬರುತ್ತಿದ್ದ ಹುಡುಗಿ, ಮದುವೆಯಾಗಿ ಎರಡು ವರ್ಷ. ಗಂಡ ಕುಡಿದು ಹೊಡೆಯುತ್ತಿದ್ದ. ತವರಿಗೆ ಹೋಗಲು ಬಟ್ಟೆ ಕಟ್ಟಿದ್ದವಳು ಅಕ್ಕನ ಸಾಕ್ಷಿ ಕೇಳಿ ಗಂಟು ಬಿಚ್ಚಿದ್ದಳು. "ನಿಮ್ಮನೇರು ಬದಲಾದ್ರಲ್ಲ ಅಕ್ಕ, ಇನ್ನೊಸಿ ದಿನ ತಡ್ಕೊತೀನಿ" ಅಂದಿದ್ದಳಂತೆ. ಒಂದು ಶುಕ್ರವಾರ ಅವಳು ಕೆಲಸಕ್ಕೆ ಬರಲಿಲ್ಲ. ಗಂಡ ಅವಳ ಬಲಗೈ ಮಣಿಕಟ್ಟು ಮುರಿದಿದ್ದ.

ಮರುದಿನ ಬೆಳಿಗ್ಗೆ ಅಕ್ಕ ನನ್ನ ಬಾಗಿಲಲ್ಲಿ ನಿಂತಿದ್ದರು.

"ಪೇಪರ್‌ನಲ್ಲಿ ತಪ್ಪು ಬಂದ್ರೆ ನೀವೇನ್ ಮಾಡ್ತೀರಾ ಸಾರ್?"

ತಿದ್ದುಪಡಿ ಹಾಕುತ್ತೇವೆ ಎಂದೆ. ಹೀಗೆಂದು ಪ್ರಕಟವಾಗಿತ್ತು, ಹೀಗೆಂದು ತಿದ್ದಿ ಓದಿಕೊಳ್ಳಬೇಕು...

"ಹಾಕಿದ್ಮೇಲೆ ಸರಿಹೋಗುತ್ತಾ?"

ಹೋಗುತ್ತೆ ಎಂದೆ. ನನಗೆ ಬಸ್ಸಿಗೆ ಹೊತ್ತಾಗಿತ್ತು.

ಆ ಭಾನುವಾರ ನಾನೂ ಬರಬೇಕೆಂದು ಕೇಳಿಕೊಂಡಿದ್ದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸಾಕ್ಷಿಯ ಹೊತ್ತಿಗೆ ಅಕ್ಕ ಎದ್ದರು.

"ನಾನ್ ಕೊಟ್ಟ ಸಾಕ್ಷಿಗೆ ಒಂದ್ ತಿದ್ದುಪಡಿ ಐತೆ. ನಮ್ಮನೇರು ಎರಡು ತಿಂಗ್ಳಿಂದ ಮತ್ತೆ ಕುಡೀತಿದಾರೆ. ರಕ್ಷಣೆ ಕೊಡೋನು ದೇವ್ರು. ಸುಳ್ ಹೇಳಿದ್ದು ನಾನು. ನನ್ ಮಾತ್ ನಂಬ್ಕೊಂಡು ಯಾರೂ ಏಟು ತಿನ್ಬೇಡಿ."

ಯಾರೂ ಆಮೆನ್ ಎನ್ನಲಿಲ್ಲ. ಗಂಡಸರ ಕಡೆ ಕೂತಿದ್ದ ಅವರ ಗಂಡ ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಕೆಳಗಿಳಿದು ಹೋದರು. ಪಾಸ್ಟರ್ ಇನ್ನೊಂದು ಹಾಡು ಶುರುಮಾಡಿದರು.

ಅದೇ ವಾರ ಹುಡುಗಿ ತವರು ಸೇರಿದಳು. ಅಕ್ಕನ ಗಂಡ ಮತ್ತೆ ಸಭೆಯ ಮೆಟ್ಟಿಲು ಹತ್ತಲಿಲ್ಲ. ಐದು ತಿಂಗಳಿಗೆ ಲಿವರ್ ಕೆಟ್ಟು ತೀರಿಕೊಂಡರು. ಮಣ್ಣಿಗೆ ಪಾಸ್ಟರ್ ಬಂದು ಪ್ರಾರ್ಥಿಸಿದರು, ಆದರೆ ಸತ್ತವರ ಬಗ್ಗೆ ರಕ್ಷಣೆ ಎಂಬ ಮಾತು ಎತ್ತಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ, ಅಕ್ಕ ಗಮನಿಸಿದ್ದರು. ಸಮಾಧಿ ತೋಟದ ಗೋಡೆಯ ಬಳಿ ನನ್ನನ್ನು ನಿಲ್ಲಿಸಿದರು.

"ನಾನ್ ಬಾಯ್ ಬಿಡದೇ ಇದ್ದಿದ್ರೆ ಅವ್ರು ಸಭೆಗೆ ಬರ್ತಾನೇ ಇರೋರು ಅಲ್ವಾ ಸಾರ್? ಒಂದಿನ ದೇವ್ರ ಕಡೆ ತಿರುಗ್ಕೊಳ್ಳೋರು. ಅವ್ರ ರಕ್ಷಣೆ ನಾನೇ ಕಳೆದ್ನಾ?"

ಖಚಿತವಿಲ್ಲದ ಮಾತಿಗೆ ಹೌದು, ಅಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಬಸ್ಸಿನ ಅವಸರದಲ್ಲಿ ಮಾತ್ರ ಹೇಗೆ ಅಷ್ಟು ಖಚಿತವಾಗಿ ಉತ್ತರಿಸಿದ್ದೆನೋ...

ಆಮೇಲೆ ನಾನು ಚಂದಾಪುರ ಬಿಟ್ಟೆ. ಹೋದ ವರ್ಷ ಆ ಹುಡುಗಿ ಫೋನ್ ಮಾಡಿ ಅಕ್ಕ ತೀರಿಕೊಂಡ ಸುದ್ದಿ ಹೇಳಿದಳು. ಅವಳು ಈಗ ಆನೇಕಲ್‌ನಲ್ಲಿ ಮತ್ತೆ ಮೆಷಿನ್ ತುಳಿಯುತ್ತಾಳೆ. ಕೊನೆಯವರೆಗೂ ಅಕ್ಕ ಕಂಡವರನ್ನೆಲ್ಲ ಅದೊಂದೇ ಪ್ರಶ್ನೆ ಕೇಳುತ್ತಿದ್ದರಂತೆ. ನೀನೇನು ಹೇಳುತ್ತಿದ್ದೆ ಎಂದೆ.

"ನಾನ್ ಬದುಕಿದೀನಲ್ಲ ಅಕ್ಕ ಅಂತ ಕೈ ತೋರಿಸ್ತಿದ್ದೆ ಸಾರ್. ಸವರಿ ನೋಡೋರು. ಆಮೇಲೆ ಮತ್ತೆ ಅದೇ ಕೇಳೋರು."

ಹೊದಿಕೆಯ ಜಿಪ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿದೆ. ಸರಿಹೋಗುತ್ತೆ ಎಂದು ಆ ಬೆಳಿಗ್ಗೆ ಬಾಗಿಲಲ್ಲಿ ಹೇಳಿದ್ದೆನಲ್ಲ, ಅದು ತಪ್ಪು. ತಿದ್ದಿ ಓದಿಕೊಳ್ಳಬೇಕಾದವರು ಈಗ ಇಲ್ಲ.