ಹತ್ತಿ ಗಿರಣಿಯ ರೋಲರ್ ಮೇಲೆ ಮೂರು ಗಾಲಿ

ಆ ರೋಲರ್‌ಗಳನ್ನು ಅಪ್ಪ ಮನೆಗೆ ತಂದ ದಿನ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ಅಡ್ಡ ನಿಂತಳು. ಹತ್ತಿ ಗಿರಣಿಯಲ್ಲಿ ಬೀಜದಿಂದ ಅರಳೆ ಬಿಡಿಸುವ ಯಂತ್ರದಿಂದ ತೆಗೆದು ಎಸೆದಿದ್ದ ಹಳೆಯ ರೋಲರ್‌ಗಳವು. ನಡುವೆ ಕಬ್ಬಿಣದ ಸರಳು, ಅದರ ಸುತ್ತ ಒತ್ತೊತ್ತಾಗಿ ಪೋಣಿಸಿದ ಚರ್ಮದ ಬಿಲ್ಲೆಗಳು. ವರ್ಷಗಟ್ಟಲೆ ಹತ್ತಿಕಾಳಿನ ಎಣ್ಣೆ ಕುಡಿದ ಆ ಚರ್ಮ ಕಮಟು ಹಿಡಿದು ನಾರುತ್ತಿತ್ತು. ಗಿರಣಿಯ ಮೂಲೆಯಲ್ಲಿ ಬಿದ್ದಿದ್ದಾಗ ಇಲಿಗಳು ಒಂದು ತುದಿಯನ್ನು ಕಡಿದು, ಅಲ್ಲೇ ಸಂಸಾರ ಮಾಡಿ, ಹೇತು ಹೋಗಿದ್ದವು. ಇದರ ಮೇಲೆ ನಾನು ದಿನಾ ಕೂರಬೇಕು ಎಂದಾಗ ನಾನೂ ಅವ್ವನ ಹಿಂದೆ ಸರಿದು ನಿಂತೆ.

ಎಪ್ಪತ್ತರ ದಶಕದ ಮಾತು. ಅಪ್ಪ ಬಳ್ಳಾರಿಯ ಒಂದು ಗಿರಣಿಯಲ್ಲಿ ಹತ್ತಿ ತೂಗುವ ಕೆಲಸದಲ್ಲಿದ್ದ. ನಾನು ಅವನ ಒಬ್ಬಳೇ ಮಗಳು, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಎಳವೆಯಲ್ಲಿ ಬಂದ ಜ್ವರವೊಂದು ನನ್ನ ಬಲಗಾಲನ್ನು ಬಾಡಿಸಿಬಿಟ್ಟಿತ್ತು. ಗೋಡೆ ಹಿಡಿದು ನಡೆಯುತ್ತಿದ್ದೆ. ಕಾಲು ಮೊದಲಿನಂತೆ ಆಗುವುದಿಲ್ಲ, ಆದರೆ ದಿನಾ ತುಳಿಯುವ ಕೆಲಸ ಕೊಡದಿದ್ದರೆ ಇದ್ದಷ್ಟೂ ಶಕ್ತಿ ಹೋಗುತ್ತದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು.

ತುಳಿಯುವ ಸೈಕಲ್ಲನ್ನು ತಂದವನು ಅವ್ವನ ಅಣ್ಣ, ಸಿರುಗುಪ್ಪದಲ್ಲಿದ್ದ ನನ್ನ ಸೋದರಮಾವ. ಅಲ್ಲಿ ಯಾರೋ ಸಾಹುಕಾರರು ದಾನ ಹಂಚುತ್ತಾರೆಂದು ತಿಳಿದು, ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟು ಬಂದಿದ್ದ. ಮುಂದೆ ಒಂದು ಗಾಲಿ, ಹಿಂದೆ ಎರಡು ಗಾಲಿ, ಸೀಟಿನ ಹಿಂದೆ ಒಂದು ತಗಡು. ತಗಡಿನ ಮೇಲೆ ದಾನಿಯ ಹೆಸರು ಗೇಣುದ್ದದ ಕೆಂಪು ಅಕ್ಷರಗಳಲ್ಲಿತ್ತು. ಜಾಹೀರಾತಿಗೆ ಬಾಡಿಗೆ ಬಿಟ್ಟ ಗೋಡೆಯ ಹಾಗೆ ಆ ಹೆಸರನ್ನು ಬೆನ್ನಿಗೆ ಹೊತ್ತು ತಿರುಗಲು ನನಗೆ ಅಸಹ್ಯವಾಯಿತು. ಒಂದು ಮಧ್ಯಾಹ್ನ ಕೂತು ಕುಡುಗೋಲಿನ ತುದಿಯಿಂದ ಅಷ್ಟನ್ನೂ ಕೆರೆದು ಹಾಕಿದೆ.

ಅದರ ಮೇಲೆ ಮೊದಲ ಸಲ ಬೀದಿಗೆ ಇಳಿದದ್ದು ಒಂದು ಸೋಮವಾರ. ನಮ್ಮ ಓಣಿಯ ಎರಡೂ ಬದಿಯ ಗಟಾರದಲ್ಲಿ ಹಂದಿಗಳು ಹೊರಳಾಡುತ್ತಿದ್ದವು. ಅವುಗಳಿಂದ ನನಗೆ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟವರು ಮನುಷ್ಯರು. ಒಬ್ಬಾತ ಕೇಳದೆಯೇ ಹಿಂದಿನಿಂದ ಬಂದು, ಸೀಟು ಹಿಡಿಯುವುದು ಬಿಟ್ಟು ನನ್ನ ಬೆನ್ನಿಗೆ ಅಂಗೈ ಒತ್ತಿ ನೂಕತೊಡಗಿದ. ಬೇಡ ಎಂದರೂ ಪುಣ್ಯದ ಕೆಲಸ ಎಂದು ನಗುತ್ತಿದ್ದ. ಕೋಟೆಯ ಕಡೆ ತಿರುಗುವಲ್ಲಿ ಗುಡಿಯಿಂದ ಬಂದ ಹೆಂಗಸೊಬ್ಬಳು ನನ್ನ ಮಡಿಲಿಗೆ ಚಿಲ್ಲರೆ ಹಾಕಿ, ತನ್ನ ಮಗುವಿಗೆ ದೃಷ್ಟಿ ತಾಗದಿರಲೆಂದು ಪಕ್ಕಕ್ಕೆ ಉಗುಳಿ ಹೋದಳು. ಆ ಉಗುಳು ಗಾಲಿಗೆ ಅಂಟಿಕೊಂಡು ಒಂದೆರಡು ಸುತ್ತು ತಿರುಗಿದ್ದನ್ನು ನಾನು ನೋಡಿದೆ. ಮನೆಗೆ ಬಂದು, ಇನ್ನು ಬೀದಿಗೆ ಹೋಗುವುದಿಲ್ಲ ಎಂದೆ. ಅವ್ವ ಅತ್ತಳು. ಅಪ್ಪ ಸೈಕಲ್ಲಿನ ಹಿಂದಿನ ಗಾಲಿಗಳ ಅಗಲವನ್ನು ಗೇಣಿನಿಂದ ಅಳೆದ. ಮರುವಾರ ತಳ್ಳುಗಾಡಿಯಲ್ಲಿ ಆ ರೋಲರ್‌ಗಳು ಬಂದವು.

ಅಪ್ಪನ ಲೆಕ್ಕ ಸರಳವಾಗಿತ್ತು. ರೋಲರ್‌ನ ಉದ್ದ ನನ್ನ ಸೈಕಲ್ಲಿನ ಹಿಂದಿನ ಎರಡು ಗಾಲಿಗಳ ಅಗಲಕ್ಕಿಂತ ತುಸು ಹೆಚ್ಚಿತ್ತು. ಎರಡು ರೋಲರ್‌ಗಳನ್ನು ಒಂದರ ಪಕ್ಕ ಒಂದು ಮಲಗಿಸಿ, ಅವುಗಳ ನಡುವಿನ ಸಂದಿನಲ್ಲಿ ಹಿಂದಿನ ಗಾಲಿಗಳನ್ನು ಕೂರಿಸಿದರೆ, ತುಳಿದಷ್ಟೂ ಗಾಲಿ ತಿರುಗುತ್ತದೆ, ಸೈಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಮುರಿದ ಮಂಚದ ಪಟ್ಟಿಗಳಿಂದ ಚೌಕಟ್ಟು ಮಾಡಿದ. ಸರಳಿನ ತುದಿಗಳು ಕೂರಲು ಬೇವಿನ ತುಂಡುಗಳಲ್ಲಿ ಗುಣಿ ಕೊರೆದು ಔಡಲೆಣ್ಣೆ ಹಾಕಿದ. ಮುಂದಿನ ಗಾಲಿಯನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿ ಹಗ್ಗದಿಂದ ಬಿಗಿದ. ಚರ್ಮವನ್ನು ಸೀಮೆಎಣ್ಣೆಯಿಂದ ಒರೆಸಿ, ವಾಷಿಂಗ್ ಸೋಡ ಹಾಕಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ತಿಕ್ಕಿದರೂ ಕರಿ ಗಸಿ ಬಿಡುತ್ತಲೇ ಇತ್ತು. ಆ ವಾರವೆಲ್ಲ ತುತ್ತು ಬಾಯಿಗಿಟ್ಟರೆ ಬೆರಳಿನ ವಾಸನೆಯೇ ಮೊದಲು ಬರುತ್ತಿತ್ತು.

ಮೊದಲ ಸಲ ಏರಿದಾಗ ರೋಲರ್ ಅಲುಗಾಡಲಿಲ್ಲ. ಅಷ್ಟು ಭಾರ. ಬಲಗಾಲು ಜಾರದಂತೆ ಅವ್ವನ ಹಳೆ ಸೀರೆಯ ಪಟ್ಟಿಯಿಂದ ಪೆಡಲಿಗೆ ಕಟ್ಟಿಕೊಂಡು ಎಡಗಾಲಿನಿಂದ ಒತ್ತಿದೆ. ಸೈಕಲ್ಲಿನ ಸರಪಳಿ ಒಂದೇ ಗಾಲಿಗಿತ್ತು. ಆ ಗಾಲಿ ರೋಲರನ್ನು ತಿರುಗಿಸಿತು, ರೋಲರ್ ಇನ್ನೊಂದು ಗಾಲಿಯನ್ನು ಎಳೆದುಕೊಂಡು ತಿರುಗಿತು. ಹಿಟ್ಟಿನ ಗಿರಣಿಯಂಥ ಸದ್ದು. ಅಪ್ಪ ಬಚ್ಚಲ ಗೋಡೆಗೆ ಒರಗಿ ನೋಡುತ್ತಿದ್ದವನು, ಎಣ್ಣೆ ಸಾಲದು ಎಂದಷ್ಟೇ ಹೇಳಿ ಎದ್ದ. ಅವನಿಗೆ ಖುಷಿಯಾಗಿತ್ತು ಎಂದು ನನಗೆ ಗೊತ್ತು.

ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ತುಳಿಯುತ್ತಿದ್ದೆ. ಕಾಲು ನೋಯುತ್ತಿತ್ತು. ಚರ್ಮ ಬಿಸಿಯಾದಂತೆ ವಾಸನೆ ಏರಿ ನೊಣಗಳು ಮುತ್ತುತ್ತಿದ್ದವು. ಬೇಸಿಗೆ ಬರುವ ಹೊತ್ತಿಗೆ ಅನ್ನಕ್ಕಿಟ್ಟ ಎಸರು ಕುದಿದು ಅನ್ನ ಆಗುವವರೆಗೂ ನಿಲ್ಲಿಸದೆ ತುಳಿಯುವಂತಾದೆ. ಸೀರೆಯ ಪಟ್ಟಿ ಬಿಚ್ಚಿದರೂ ಪಾದ ಜಾರುತ್ತಿರಲಿಲ್ಲ.

ಇದು ಮಾವನ ಕಿವಿಗೆ ಬಿತ್ತು. ಬಳ್ಳಾರಿಗೆ ಬಂದಾಗಲೆಲ್ಲ ಯಾರನ್ನಾದರೂ ಜೊತೆಗೆ ಕರೆತರತೊಡಗಿದ. ಅವರು ಹಿತ್ತಲಲ್ಲಿ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನುತ್ತ ಕೂರುತ್ತಿದ್ದರು, ನಾನು ತುಳಿಯಬೇಕಿತ್ತು. ತಾನು ತಂದ ಸೈಕಲ್ಲು, ತನ್ನ ಸೊಸೆ, ತಾನು ಹೇಳಿದ ಮದ್ದು ಎಂದು ಅವನು ವರ್ಣಿಸುತ್ತಿದ್ದ. ಅವರ ಕಣ್ಣು ಗಾಲಿಯ ಮೇಲಿರುತ್ತಿರಲಿಲ್ಲ, ನನ್ನ ಲಂಗದ ಅಂಚಿನ ಮೇಲಿರುತ್ತಿತ್ತು. ಅವ್ವನಿಗೆ ಹೇಳಿದೆ. ಅಣ್ಣನ ಮನಸ್ಸು ನೋಯಿಸಬೇಡ ಎಂದಳು.

ಶ್ರಾವಣ ಕಳೆದ ಮೇಲೆ ಮಾವ ಕುರುಗೋಡಿನಿಂದ ಒಂದು ಸಂಬಂಧ ತಂದ. ಹುಡುಗ, ಅವನ ತಂದೆ, ತಾಯಿ ಬಂದರು. ತಂದೆ ಎತ್ತಿನ ವ್ಯಾಪಾರ ಮಾಡುವ ಯಜಮಾನ. ಹಣೆತುಂಬ ವಿಭೂತಿ, ಹೆಗಲ ಮೇಲೆ ಗರಿಗರಿ ವಲ್ಲಿ. ಗಂಡಹೆಂಡತಿ ನನ್ನ ಬಗ್ಗೆ ತೆಲುಗಿನಲ್ಲಿ ಮಾತಾಡಿಕೊಂಡರು, ಬಳ್ಳಾರಿಯಲ್ಲಿ ತೆಲುಗು ಬಾರದವರು ಇದ್ದಾರೆ ಎನ್ನುವ ಹಾಗೆ. ಬಣ್ಣ ಅಡ್ಡಿಯಿಲ್ಲ, ಕಾಲು ನೋಡಿಯೇ ಹೇಳಬೇಕು ಎಂದಿತು ಆ ಮಾತು. ಹುಡುಗ ಮಾತ್ರ ಬಂದಾಗಿನಿಂದ ನೆಲ ನೋಡುತ್ತ ಕೂತಿದ್ದ.

ತಿಂಡಿ ಅರ್ಧವಾಗಿತ್ತು. ಮಾವ ನನ್ನನ್ನು ಸೈಕಲ್ಲು ಏರಲು ಹೇಳಿದ. ನಾನು ಅವ್ವನತ್ತ ನೋಡಿದೆ. ಅವಳು ಕಣ್ಣಿನಲ್ಲೇ ಬೇಡಿಕೊಂಡಳು. ಏರಿದೆ. ರೋಲರ್ ಗುಡುಗತೊಡಗಿತು. ಯಜಮಾನ ಕೈಯಲ್ಲಿದ್ದ ಮಿರ್ಚಿ ತಿಂದು ಮುಗಿಸಿ ಎದ್ದು ಬಂದು, ನನ್ನ ಬಲಗಡೆ ಕುಕ್ಕರಗಾಲಲ್ಲಿ ಕೂತ. ಮೊದಲು ನೋಡಿದ. ಆಮೇಲೆ ಎಣ್ಣೆ ಮೆತ್ತಿದ ಬೆರಳುಗಳಿಂದಲೇ ನನ್ನ ಮೀನಖಂಡ ಹಿಡಿದು ಒತ್ತಿ ನೋಡಿದ.

"ಸಣ್ಣದೈತಿ," ಎಂದ ಹೆಂಡತಿಯ ಕಡೆ ತಿರುಗಿ, ಈ ಸಲ ಕನ್ನಡದಲ್ಲೇ. "ಆದ್ರ ಎಳೀತೈತಿ."

ನಾನು ತುಳಿಯುವುದನ್ನು ನಿಲ್ಲಿಸಿದೆ. ಬಾಯಲ್ಲಿ ಹುಳಿನೀರು ತುಂಬಿತು. ಕಾಲಿನ ಮೇಲೆ ನಾಲ್ಕು ಬೆರಳುಗಳ ಎಣ್ಣೆಯ ಗುರುತು ಹೊಳೆಯುತ್ತಿತ್ತು.

"ಈಗ ನಿಮ್ಮ ಮಗ ಏರ್ಲಿರಿ," ಎಂದೆ. "ಅವರ ಕಾಲು ನಾ ಹಿಡದು ನೋಡ್ತೀನಿ."

ಹುಡುಗನ ಕಿವಿ ಕೆಂಪಾಯಿತು. ಮಾವ ಎದ್ದು, ದಾನದ ಗಾಡಿ ಏರಿದವಳಿಗೆ ಇಷ್ಟು ನಾಲಿಗೆ ಯಾಕೆ ಎಂದು ಬೈದ, ಇಂಥ ಮನೆತನ ಮತ್ತೆ ಸಿಗುವುದಿಲ್ಲ ಎಂದು ಅವ್ವನಿಗೂ ಬೈದ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಷ್ಟರವರೆಗೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದ ಅಪ್ಪ ಬಂದು ಮುಂದಿನ ಗಾಲಿಯ ಹಗ್ಗ ಬಿಚ್ಚಿದ. ನನ್ನನ್ನು ಇಳಿಸಲಿಲ್ಲ. ನಾನು ಕೂತಿದ್ದಂತೆಯೇ ಹಿಂದಿನ ಗಾಲಿಗಳನ್ನು ರೋಲರ್ ಮೇಲಿನಿಂದ ಎತ್ತಿ ನೆಲಕ್ಕಿಟ್ಟು, ಹಿತ್ತಲ ಬಾಗಿಲನ್ನು ಅಗಲ ತೆರೆದ.

"ನಡಿಯವ್ವಾ," ಎಂದ. "ಇಲ್ಲಿ ನಾತ ಭಾಳ ಐತಿ."

ನಾನು ಬೀದಿಗೆ ಹೋದೆ. ಅಪ್ಪ ಸ್ವಲ್ಪ ದೂರ ಹಿಂದೆ ಬಂದು, ಆಮೇಲೆ ನಿಂತುಬಿಟ್ಟ. ಸಂಗನಕಲ್ಲಿನ ರಸ್ತೆ ಹಿಡಿದು, ಊರಿನ ಮನೆಗಳು ಮುಗಿಯುವವರೆಗೂ ಒಬ್ಬಳೇ ತುಳಿದೆ. ದಾರಿಯಲ್ಲಿ ಕೈಪಂಪಿನ ಬೋರಿಂಗ್ ಒಂದು ಸಿಕ್ಕಿತು. ಇಳಿದು, ಒಂದು ಹಿಡಿ ಮಣ್ಣು ಹಚ್ಚಿ ಕಾಲು ಉಜ್ಜಿ ಉಜ್ಜಿ ತೊಳೆದೆ. ಚರ್ಮ ಕೆಂಪೇರಿದರೂ ಆ ಬೆರಳುಗಳು ಅಲ್ಲೇ ಇದ್ದ ಹಾಗೆ ಅನ್ನಿಸುತ್ತಿತ್ತು. ತಿರುಗಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವ ಮಾತ್ರ ತಟ್ಟೆಗಳನ್ನು ತೊಳೆಯುತ್ತಿದ್ದಳು.

ಅದಾದ ಮೇಲೆ ಟೈಪಿಂಗ್ ಕಲಿಯಲು ಸೈಕಲ್ಲಿನ ಮೇಲೆಯೇ ಹೋದೆ. ಬೀದಿಯ ಜನ ಬದಲಾಗಲಿಲ್ಲ. ಮಡಿಲಿಗೆ ಬಿದ್ದ ಚಿಲ್ಲರೆಯನ್ನು ಹಾಕಿದವರ ಕೈಗೇ ವಾಪಸು ಕೊಟ್ಟರೆ ಅವರು ನನ್ನನ್ನೇ ಸೊಕ್ಕಿನವಳು ಎನ್ನುತ್ತಿದ್ದರು. ಬೆನ್ನಿಗೆ ಕೈ ಹಚ್ಚಲು ಬಂದವರಿಗೆ ಬ್ರೇಕು ಹಾಕಿ, ಮುಖ ನೋಡಿ, ಕೈ ತೆಗೀರಿ ಎನ್ನುವುದನ್ನು ಕಲಿತೆ. ಮಳೆ ಹಿಡಿದ ದಿನಗಳಲ್ಲಿ ಹಿತ್ತಲ ಬಾಗಿಲ ಅಗಳಿ ಹಾಕಿ ರೋಲರ್ ಮೇಲೆ ತುಳಿಯುತ್ತಿದ್ದೆ. ಕಾಲು ದಪ್ಪವಾಗಲಿಲ್ಲ, ಆದರೆ ಏರುದಾರಿಯಲ್ಲಿ ಕೈಕೊಡಲಿಲ್ಲ. ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಕೆಲವು ವರ್ಷಗಳ ಮೇಲೆ ನನಗೆ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು.

ಆ ದಿನದ ಬಗ್ಗೆ ಅವ್ವ ಬಾಯಿಬಿಟ್ಟದ್ದು ಒಂದೇ ಸಲ, ಅಪ್ಪ ತೀರಿಕೊಂಡ ವರ್ಷ. ಇಬ್ಬರೂ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆವು. ಆತ ಕೈ ಹಚ್ಚಿದಾಗ ತನಗೂ ವಾಂತಿ ಬರುವ ಹಾಗೆ ಆಗಿತ್ತು ಎಂದಳು. ಹಾಗಿದ್ದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನನ್ನ ನೋಡಾಕ ಬಂದಾಗ ಬಾಯಿ ತೆಗಸಿ ಹಲ್ಲು ನೋಡಿದ್ರು," ಎಂದಳು. "ಹಂಗ ನೋಡೋದು ರೂಢಿ ಅಂತ ತಿಳಕೊಂಡಿದ್ದೆ."

ಯಾರು ನೋಡಿದ್ದು ಎಂದೆ. ನಿಮ್ಮ ಅಜ್ಜ ಎಂದಳು, ಅಪ್ಪನ ಅಪ್ಪ. ನಾನು ಹುಟ್ಟುವ ಮೊದಲೇ ಹೋದ ಆ ಮನುಷ್ಯನ ಫೋಟೋಕ್ಕೆ ಪ್ರತಿ ಅಮಾವಾಸ್ಯೆ ಕುಂಕುಮ ಹಚ್ಚುತ್ತಿದ್ದವಳು ನಾನೇ. ಅವ್ವ ಜೋಳದ ಮೊರ ಎತ್ತಿಕೊಂಡು ಒಳಗೆ ಹೋದಳು. ಮುಂದಿನ ಅಮಾವಾಸ್ಯೆಗೆ ನಾನು ಆ ಫೋಟೋ ಮುಟ್ಟಲಿಲ್ಲ, ಅವಳೂ ಹಚ್ಚು ಎಂದು ಹೇಳಲಿಲ್ಲ.